ಸೈನೈಡ್ ದಿಬ್ಬದ ಚಿನ್ನ: ಟನ್ನಿಗೆ ಇಪ್ಪತ್ತು ರಾಗಿ ಕಾಳು

"ಕೆಜಿಎಫ್ ಮತ್ತೆ ಶುರುವಾಗುತ್ತಂತೆ." ಕೋಲಾರದ ಚಿನ್ನದ ಗಣಿ ಊರಿನ ಬಗ್ಗೆ 2024ರಿಂದ ಈ ಮಾತು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ, ಮತ್ತೆ ಏಳುತ್ತದೆ. ಒಬ್ಬರು ಗಣಿ ತೆರೆಯುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಗಣಿ ಯಾಕೆ, ಹೊರಗೆ ಬಿದ್ದಿರುವ ಮಣ್ಣಿನಲ್ಲೇ ಸಾವಿರಾರು ಕೋಟಿ ಇದೆ ಅನ್ನುತ್ತಾರೆ. ಮತ್ತೊಬ್ಬರು ಆ ಸೈನೈಡ್ ಮಣ್ಣನ್ನು ಕೆದಕಿದರೆ ಊರು ಉಳಿಯಲ್ಲ ಅಂತ ಹೆದರಿಸುತ್ತಾರೆ. ಮೂರೂ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಗಾಳಿಮಾತೂ ಇದೆ. ಇದನ್ನು ಬೇರ್ಪಡಿಸಬೇಕಾದರೆ ರಾಜಕೀಯಕ್ಕಿಂತ ಮೊದಲು ಒಂದು ಸಣ್ಣ ಕಣದ ಒಳಗೆ ಹೋಗಿ ಬರಬೇಕು: ಚಿನ್ನದ ಪರಮಾಣು ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾವುದನ್ನು ಹಿಡಿದುಕೊಳ್ಳುವುದಿಲ್ಲ?

ಸುದ್ದಿ ಯಾವುದರ ಬಗ್ಗೆ

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರದ ಒಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೇಂದ್ರ ಸರ್ಕಾರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ಗೆ ಸೇರಿದ 13 ದಿಬ್ಬಗಳು ಕೆಜಿಎಫ್‌ನಲ್ಲಿ ಸುಮಾರು 1,003 ಎಕರೆಯಲ್ಲಿ ಹರಡಿವೆ. ಅವನ್ನು ಹರಾಜು ಹಾಕಿ, ಗೆದ್ದವರು ಅಲ್ಲಿ ಉಳಿದ ಚಿನ್ನ ತೆಗೆಯಬಹುದು ಅನ್ನುವುದು ಪ್ರಸ್ತಾವ. ಅಂದರೆ ಮಾತು ನೆಲದ ಮೇಲಿನ ಪುಡಿಯ ಬಗ್ಗೆ. ಮೂರು ಕಿಲೋಮೀಟರ್ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಸುರಂಗಗಳ ಬಗ್ಗೆ ಅಲ್ಲ. ಆ ಗಣಿಗಳು 2001ರ ಫೆಬ್ರುವರಿ 28ಕ್ಕೆ ಮುಚ್ಚಿದವು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ.

ಈ ದಿಬ್ಬಗಳನ್ನು ನೋಡದವರಿಗಾಗಿ ಎರಡು ಮಾತು. ಮಾರಿಕುಪ್ಪಂ ರೈಲಿನಲ್ಲಿ ಬಂದರೂ ಸರಿ, ಆಂಡರ್‌ಸನ್‌ಪೇಟೆ ರಸ್ತೆಯಲ್ಲಿ ಬಂದರೂ ಸರಿ, ಬೂದಿ ಬಣ್ಣದ ದೊಡ್ಡ ದೊಡ್ಡ ಗುಡ್ಡಗಳು ಕಾಣುತ್ತವೆ. ಮೇಲೆ ಚಪ್ಪಟೆ. ಪಕ್ಕದಲ್ಲಿ ಮಳೆನೀರು ಕೊರೆದ ಆಳದ ಸೀಳುಗಳು. ಒಂದು ಹಿಡಿ ತೆಗೆದು ಉಜ್ಜಿದರೆ ಗೋಧಿ ಹಿಟ್ಟಿನ ಹಾಗೆ ನಯ, ನಡುನಡುವೆ ಸಣ್ಣ ಹರಳಿನ ಚುರುಕು. ಊರಿನವರು ಇದಕ್ಕೆ ಸೈನೈಡ್ ದಿಬ್ಬ ಅಂತಲೇ ಹೆಸರಿಟ್ಟಿದ್ದಾರೆ. ಇದು ಹುಟ್ಟಿನಿಂದ ಬಂದ ಗುಡ್ಡ ಅಲ್ಲ. 1880ರ ದಶಕದಿಂದ ಒಂದು ನೂರಿಪ್ಪತ್ತು ವರ್ಷ ಕಲ್ಲು ಮೇಲೆ ತಂದು, ಪುಡಿ ಮಾಡಿ, ಚಿನ್ನ ಹಿಂಡಿದ ಮೇಲೆ ಎಸೆದ ಹಿಂಡಿ.

ಟನ್ನಿಗೆ ಎಷ್ಟು?

ಸುದ್ದಿಗಳಲ್ಲಿ ಬಂದ ಅಂದಾಜು ಹೀಗಿದೆ: ಒಟ್ಟು ಪುಡಿ ಸುಮಾರು 3.3 ಕೋಟಿ ಟನ್, ಒಂದು ಟನ್ನಿನಲ್ಲಿ ಸುಮಾರು 0.7 ಗ್ರಾಂ ಚಿನ್ನ. ಗುಣಿಸಿದರೆ 23 ಟನ್. ಗ್ರಾಂಗೆ 10,000 ರೂಪಾಯಿ ಅಂತ ಇಟ್ಟುಕೊಂಡರೂ 23,000 ಕೋಟಿ. ತಲೆಬರಹಗಳು ಹುಟ್ಟುವುದು ಇಲ್ಲಿಂದ.

ಈಗ ಅದೇ ಲೆಕ್ಕವನ್ನು ಕೈಗೆ ಸಿಗುವ ಅಳತೆಯಲ್ಲಿ ನೋಡೋಣ. ಚಿನ್ನ ನೀರಿಗಿಂತ 19 ಪಟ್ಟು ಭಾರ. ಹಾಗಾಗಿ 0.7 ಗ್ರಾಂ ಅಂದರೆ ತುಂಬಾ ಸಣ್ಣ ಗಾತ್ರ, ಹೆಚ್ಚುಕಡಿಮೆ ಇಪ್ಪತ್ತು ರಾಗಿ ಕಾಳಿನಷ್ಟು. ಅದೂ ಕಾಳಿನ ರೂಪದಲ್ಲಿ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಒಂದು ಟನ್ ಪುಡಿಯಲ್ಲಿ ಕಲಸಿಹೋಗಿದೆ. ಜರಡಿ ಹಿಡಿದು ಆರಿಸುವ ಮಾತೇ ಇಲ್ಲ.

ಇನ್ನೊಂದು ಹೋಲಿಕೆ. ನಮ್ಮ ದೇಶ ವರ್ಷಕ್ಕೆ 700ರಿಂದ 800 ಟನ್ ಚಿನ್ನ ಆಮದು ಮಾಡಿಕೊಳ್ಳುತ್ತದೆ. ಹದಿಮೂರೂ ದಿಬ್ಬದ ಚಿನ್ನ ಪೂರ್ತಿ ಸಿಕ್ಕಿತು ಅಂತಲೇ ಅಂದುಕೊಳ್ಳಿ. ಅದು ದೇಶದ ಎರಡು ವಾರದ ಆಮದಿಗೂ ಸಾಲುವುದಿಲ್ಲ. ಆಮದು ಕಡಿಮೆಯಾಗುತ್ತದೆ ಅನ್ನುವ ವಾದವನ್ನು ಇಲ್ಲಿಗೇ ಬಿಡಬಹುದು.

ಆದರೆ ಒಂದು ಪ್ರಶ್ನೆ ನ್ಯಾಯವಾದದ್ದು. ಗಣಿಯ ಮೊದಲ ವರ್ಷಗಳಲ್ಲಿ ಟನ್ನಿಗೆ 45 ಗ್ರಾಂ ದಾಟಿ ಸಿಗುತ್ತಿತ್ತು. ಕೊನೆಗೆ 3 ಗ್ರಾಂಗೆ ಇಳಿದಾಗ ನಷ್ಟ ಅಂತ ಬಾಗಿಲು ಹಾಕಿದರು. ಮೂರು ಗ್ರಾಂ ನಷ್ಟವಾದರೆ ಮುಕ್ಕಾಲು ಗ್ರಾಂ ಕೂಡ ಇಲ್ಲದ ಪುಡಿ ಲಾಭ ಹೇಗೆ?

ಉತ್ತರ ಕಲ್ಲಿನಲ್ಲೇ ಇದೆ. ಕೆಜಿಎಫ್ ಚಿನ್ನ ಇದ್ದಿದ್ದು ಬಹುತೇಕ ಬೆಣಚುಕಲ್ಲಿನಲ್ಲಿ. ಬೆಣಚುಕಲ್ಲಿನಲ್ಲಿ ಒಂದೊಂದು ಸಿಲಿಕಾನ್ ಪರಮಾಣು ನಾಲ್ಕು ಆಮ್ಲಜನಕವನ್ನು ಹಿಡಿದಿರುತ್ತದೆ. ಆ ಒಂದೊಂದು ಆಮ್ಲಜನಕ ಪಕ್ಕದ ಇನ್ನೊಂದು ಸಿಲಿಕಾನನ್ನು ಹಿಡಿದಿರುತ್ತದೆ. ಎಲೆಕ್ಟ್ರಾನ್ ಹಂಚಿಕೊಂಡು ಆದ ಗಟ್ಟಿ ಬಂಧ, ಕಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಬಿಡುವಿಲ್ಲದ ಹೆಣಿಗೆ. ಅದನ್ನು ಹಿಟ್ಟು ಮಾಡಬೇಕಾದರೆ ಈ ಬಂಧಗಳನ್ನು ಒಂದೊಂದಾಗಿ ಮುರಿಯಬೇಕು. ಕಲ್ಲು ಅರೆಯುವ ಚಿನ್ನದ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಕರೆಂಟು ಜಾಸ್ತಿ ಕುಡಿಯುವುದು ಅರೆಯುವ ಯಂತ್ರವೇ. ಅದರ ಮೇಲೆ ಮೂರು ಕಿಲೋಮೀಟರ್ ಆಳದಿಂದ ಕಲ್ಲು ಎತ್ತುವ ಖರ್ಚು, 60 ಡಿಗ್ರಿ ದಾಟುವ ಬಂಡೆಯ ಬಿಸಿಯನ್ನು ತಣ್ಣಗಿಡುವ ಖರ್ಚು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಎಳೆದು ತಂದದ್ದು ಸುಮ್ನೆ ಅಲ್ಲ.

ದಿಬ್ಬದ ಪುಡಿಯ ವಿಷಯದಲ್ಲಿ ಈ ಖರ್ಚಿನ ಬಹುಪಾಲು ಆಗಿಹೋಗಿದೆ. ಅಜ್ಜಂದಿರು ಎತ್ತಿದ್ದಾರೆ, ಅಜ್ಜಂದಿರೇ ಅರೆದಿದ್ದಾರೆ. ಈಗ ಉಳಿದಿರುವುದು ಮುಖ್ಯವಾಗಿ ಚಿನ್ನವನ್ನು ಪುಡಿಯಿಂದ ಬಿಡಿಸುವ ಕೆಲಸ. ಅಲ್ಲೇ ಕಷ್ಟ ಶುರುವಾಗುವುದು.

ಯಾರ ಜೊತೆಗೂ ಸೇರದ ಲೋಹ

ಮಳೆಗೆ ಬಿಟ್ಟ ಕಬ್ಬಿಣದ ಗೇಟು ಒಂದು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಬೆಳ್ಳಿ ಕಾಲುಂಗುರ ಕಪ್ಪಾಗುತ್ತದೆ. ಅಜ್ಜಿಯ ಕಾಲದ ಚಿನ್ನದ ಓಲೆ ಹಾಗೇ ಇರುತ್ತದೆ. ಕಬ್ಬಿಣದ ಪರಮಾಣು ತನ್ನ ಹೊರಗಿನ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಸುಲಭವಾಗಿ ಬಿಟ್ಟುಕೊಡುತ್ತದೆ. ಚಿನ್ನ ಬಿಡುವುದಿಲ್ಲ.

ಯಾಕೆ ಬಿಡುವುದಿಲ್ಲ? ಚಿನ್ನದ ಪರಮಾಣುವಿನ ನಡುವೆ 79 ಪ್ರೋಟಾನ್‌ಗಳಿವೆ. ಅಷ್ಟು ಜೋರಾದ ಸೆಳೆತದಲ್ಲಿ ತೀರಾ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಇರುತ್ತವೆ ಅನ್ನುತ್ತದೆ ಲೆಕ್ಕ. ಆ ವೇಗಕ್ಕೆ ಬಂದಾಗ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ನಿಯಮ ಕೆಲಸ ಮಾಡುತ್ತದೆ. ಎಲೆಕ್ಟ್ರಾನ್ ಭಾರವಾದಂತೆ ನಡೆದುಕೊಂಡು ನಡುವಿನ ಕಡೆಗೆ ಇನ್ನಷ್ಟು ಸರಿಯುತ್ತದೆ. ತೀರಾ ಹೊರಗಿನ ಒಂಟಿ ಎಲೆಕ್ಟ್ರಾನಿಗೂ ಇದರ ಪೆಟ್ಟು ತಟ್ಟಿ, ಅದೂ ಒಳಗೆ ಬಿಗಿಯಾಗಿ ಕೂರುತ್ತದೆ. ಆಮ್ಲಜನಕ ಬಂದು ಕೇಳಿದರೂ ಕೊಡುವುದಿಲ್ಲ. ಚಿನ್ನದ ಹಳದಿ ಬಣ್ಣಕ್ಕೂ ಇದೇ ಕಾರಣ. ಒಳಗಿನ ಅಂತರಗಳು ಬದಲಾಗಿ ನೀಲಿ ಬೆಳಕನ್ನು ಅದು ನುಂಗಿಕೊಳ್ಳುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಹಳದಿ. ಪಕ್ಕದ ಮನೆಯ ಪಾದರಸ, ಪ್ರೋಟಾನ್ ಸಂಖ್ಯೆ 80, ಮಾಮೂಲಿ ಬಿಸಿಲಿನಲ್ಲೂ ದ್ರವವಾಗಿ ಇರುವುದಕ್ಕೂ ಇದೇ ಪರಿಣಾಮ ಮುಖ್ಯ ಕಾರಣ.

ಒಡವೆಗೆ ಇದು ಒಳ್ಳೆಯ ಗುಣ. ಗಣಿಗೆ ತಲೆನೋವು. ನೀರು, ಮಾಮೂಲಿ ಆಮ್ಲ, ಯಾವುದರಲ್ಲಿ ಹಾಕಿದರೂ ಚಿನ್ನ ಕರಗಲ್ಲ. ಅಕ್ಕಸಾಲಿಗರು ಬಳಸುವ, ಎರಡು ಆಮ್ಲ ಬೆರೆಸಿದ ರಾಜದ್ರಾವಕ ಕರಗಿಸುತ್ತದೆ, ಆದರೆ ಕೋಟಿಗಟ್ಟಲೆ ಟನ್ ಪುಡಿಗೆ ಅದನ್ನು ಸುರಿಯಲು ಆಗುತ್ತದೆಯೇ?

ಎರಡು ಕಡೆಯಿಂದ ರಟ್ಟೆ ಹಿಡಿದ ಹಾಗೆ

1887ರಲ್ಲಿ ಗ್ಲ್ಯಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಕೋಲಾರದ ಗಣಿಗಳಿಗೂ ಅದು ಬಂತು. ಸೈನೈಡ್ ಅಂದರೆ ಒಂದು ಇಂಗಾಲ, ಒಂದು ಸಾರಜನಕ, ನಡುವೆ ಮೂರು ಜೊತೆ ಎಲೆಕ್ಟ್ರಾನ್‌ಗಳ ಬಂಧ. ಇಂಗಾಲದ ತುದಿಯಲ್ಲಿ ಇನ್ನೂ ಒಂದು ಜೊತೆ ಎಲೆಕ್ಟ್ರಾನ್ ಸುಮ್ಮನೆ ಕಾಯುತ್ತಿರುತ್ತದೆ. ನೀರಿನಲ್ಲಿ ಕರಗಿದ ಗಾಳಿಯ ಆಮ್ಲಜನಕ ಚಿನ್ನದಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ನೋಡುತ್ತದೆ. ಒಂಟಿಯಾಗಿ ಅದರಿಂದ ಆಗದು. ಆದರೆ ಕಿತ್ತ ಕ್ಷಣವೇ ಎರಡು ಸೈನೈಡ್‌ಗಳು ಆಚೆ ಈಚೆ ನಿಂತು ಚಿನ್ನದ ಪರಮಾಣುವನ್ನು ಹಿಡಿದುಕೊಳ್ಳುತ್ತವೆ. ಜಾತ್ರೆಯಲ್ಲಿ ಕುಡಿದು ರಂಪ ಮಾಡುವವನನ್ನು ಇಬ್ಬರು ರಟ್ಟೆ ಹಿಡಿದು ಕರೆದುಕೊಂಡು ಹೋಗುವ ಹಾಗೆ. ಆ ಹಿಡಿತ ಎಷ್ಟು ಗಟ್ಟಿ ಅಂದರೆ ಚಿನ್ನ ಮತ್ತೆ ಲೋಹಕ್ಕೆ ಮರಳುವುದಿಲ್ಲ, ನೀರಿನಲ್ಲೇ ಉಳಿಯುತ್ತದೆ.

ಇದಕ್ಕೆ ಬೇಕಾದ ಸೈನೈಡ್ ತುಂಬಾ ಏನಲ್ಲ. ಸಾಮಾನ್ಯವಾಗಿ ಲೀಟರ್ ನೀರಿಗೆ ಅರ್ಧ ಗ್ರಾಂಗಿಂತ ಕಡಿಮೆ. ಆಮೇಲೆ ಈಗಿನ ಕಾರ್ಖಾನೆಗಳಲ್ಲಿ ಆ ನೀರಿಗೆ ವಿಶೇಷ ಇದ್ದಿಲು ಹಾಕುತ್ತಾರೆ. ಚಿನ್ನದ ಸೈನೈಡ್ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಹೆಚ್ಚು ಬಳಸುವುದು ತೆಂಗಿನ ಕರಟದ ಇದ್ದಿಲು. ತಿಪಟೂರಿನಲ್ಲಿ ಕೊಬ್ಬರಿ ತೆಗೆದ ಮೇಲೆ ರಾಶಿ ಬೀಳುವ ಅದೇ ಕರಟ.

ಒಂದು ಎಚ್ಚರಿಕೆ ಮಾತ್ರ ಸದಾ ಇರಬೇಕು. ನೀರು ಹುಳಿಯಾಗಬಾರದು. ಸುಣ್ಣ ಹಾಕಿ ಪಿಎಚ್, ಅಂದರೆ ನೀರು ಹುಳಿಯಾದಷ್ಟೂ ಇಳಿಯುವ ಅಂಕಿ, 10ರ ಮೇಲೆ ಇಟ್ಟಿರುತ್ತಾರೆ. ಪಿಎಚ್ 9ರ ಸುತ್ತ ಇಳಿದರೆ ಸೈನೈಡ್ ಜಲಜನಕವನ್ನು ಹಿಡಿದುಕೊಂಡು ಅನಿಲವಾಗಿ ಮೇಲೇಳಲು ಶುರು ಮಾಡುತ್ತದೆ. ಆ ಅನಿಲ ಕೊಲ್ಲುತ್ತದೆ. ಹೇಗೆ ಅಂತೀರಾ? ನಮ್ಮ ಜೀವಕೋಶದಲ್ಲಿ ಆಮ್ಲಜನಕ ಬಳಸುವ ಒಂದು ಕಿಣ್ವ ಇದೆ, ಅದರ ಒಳಗೆ ಕಬ್ಬಿಣ ಇದೆ. ಸೈನೈಡ್ ಆ ಕಬ್ಬಿಣವನ್ನು ಹಿಡಿದು ಬಿಡುವುದಿಲ್ಲ. ಚಿನ್ನವನ್ನು ಕಲ್ಲಿನಿಂದ ಬಿಡಿಸುವ ಎಲೆಕ್ಟ್ರಾನ್ ಜೋಡಿಯೇ ಮನುಷ್ಯನ ಉಸಿರು ನಿಲ್ಲಿಸುವುದೂ.

ಹಾಗಾದರೆ ಚಿನ್ನ ಉಳಿದಿದ್ದು ಯಾಕೆ?

ಸೈನೈಡ್ ಇಷ್ಟು ಚುರುಕಾಗಿದ್ದರೆ ದಿಬ್ಬದಲ್ಲಿ ಚಿನ್ನ ಉಳಿಯಲೇಬಾರದಿತ್ತು, ಅಲ್ವಾ? ಹರಾಜಿನ ಚರ್ಚೆಯಲ್ಲಿ ಯಾರೂ ಸರಿಯಾಗಿ ಕೇಳದ ಪ್ರಶ್ನೆ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಹಳೆಯ ಯಂತ್ರಗಳು ಈಗಿನವುಗಳಷ್ಟು ನಯವಾಗಿ ಅರೆಯುತ್ತಿರಲಿಲ್ಲ. ದಪ್ಪ ಕಾಳಿನ ಒಳಗೆ ಸಿಕ್ಕಿಕೊಂಡ ಚಿನ್ನಕ್ಕೆ ಸೈನೈಡ್ ನೀರು ತಲುಪಲೇ ಇಲ್ಲ. ಇಂಥ ಚಿನ್ನ ಸುಲಭ. ಇನ್ನೊಮ್ಮೆ ಅರೆದರೆ ಬರುತ್ತದೆ. ಕರಗಿದ ಚಿನ್ನ ಇದ್ದ ನೀರು ಪುಡಿಯ ಜೊತೆಗೇ ಹೋಗಿ ಒಣಗಿದ್ದೂ ಸ್ವಲ್ಪ ಇರುತ್ತದೆ. ಅದು ಇನ್ನೂ ಸುಲಭ.

ಕಷ್ಟದ್ದು ಬೇರೆ. ಕೆಜಿಎಫ್‌ನ ಪೂರ್ವದ ಚಾಂಪಿಯನ್ ಪದರದಲ್ಲಿ ಚಿನ್ನ ಬೆಣಚುಕಲ್ಲಿನ ನಡುವೆ ಬಿಡಿಯಾಗಿ ಇತ್ತು. ಪಶ್ಚಿಮದ ಪದರಗಳಲ್ಲಿ ಸಲ್ಫೈಡ್ ಜಾಸ್ತಿ, ಅಂದರೆ ಗಂಧಕದ ಜೊತೆ ಕಬ್ಬಿಣ, ಕೆಲವು ಕಡೆ ಆರ್ಸೆನಿಕ್. ಇಂಥ ಖನಿಜದಲ್ಲಿ ಚಿನ್ನ ಎಷ್ಟೋ ಸಲ ಹರಳಿನ ಹೆಣಿಗೆಯ ಒಳಗೇ ಕೂತಿರುತ್ತದೆ, ಬಿಡಿ ಪರಮಾಣುವಾಗಿ. ಯಾರ ಜೊತೆಗೂ ಸೇರಲ್ಲ ಅಂದೆವಲ್ಲ, ಗಂಧಕ ಮತ್ತು ಆರ್ಸೆನಿಕ್ ಮಾತ್ರ ಅದಕ್ಕೆ ಸ್ವಲ್ಪ ಹತ್ತಿರದವರು. ಹಾಗೆ ಕೂತ ಚಿನ್ನವನ್ನು ಎಷ್ಟು ಅರೆದರೂ ಸೈನೈಡ್ ಮುಟ್ಟಲಾರದು. ಹರಳನ್ನೇ ಒಡೆಯಬೇಕು: ಸುಡಬೇಕು, ಇಲ್ಲವೇ ಒತ್ತಡದಲ್ಲಿ ಆಮ್ಲಜನಕ ಹಾಯಿಸಬೇಕು, ಇಲ್ಲವೇ ಬ್ಯಾಕ್ಟೀರಿಯಾ ಬಿಟ್ಟು ತಿನ್ನಿಸಬೇಕು. ಮೂರರಲ್ಲೂ ಗಂಧಕ ಮತ್ತು ಆರ್ಸೆನಿಕ್ ಹರಳಿನಿಂದ ಹೊರಗೆ ಬರುತ್ತವೆ. ಅವನ್ನು ಹಿಡಿದಿಡುವ ಖರ್ಚು ಬೇರೆ.

ಹಾಗಾಗಿ ಟನ್ನಿಗೆ 0.7 ಗ್ರಾಂ ಅನ್ನುವ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಆ 0.7ರಲ್ಲಿ ಬಿಡಿ ಚಿನ್ನ ಎಷ್ಟು, ಸಲ್ಫೈಡ್ ಒಳಗೆ ಬಂಧಿಯಾದದ್ದು ಎಷ್ಟು? ಲಾಭ, ಮಾಲಿನ್ಯ ಎರಡೂ ಇದರ ಮೇಲೆ ನಿಂತಿವೆ. ಅದೂ ಹದಿಮೂರು ದಿಬ್ಬಕ್ಕೂ ಒಂದೇ ಉತ್ತರ ಇರಲಾರದು. ಬೇರೆ ಬೇರೆ ಗಣಿಯ, ಬೇರೆ ಬೇರೆ ಕಾಲದ ಪುಡಿ ಅಲ್ಲಿದೆ.

ದಿಬ್ಬದಲ್ಲಿ ಈಗಲೂ ಸೈನೈಡ್ ಇದೆಯಾ?

ಜನ ಹೆದರುವಷ್ಟು ಇರಲಾರದು. ಬಿಡಿ ಸೈನೈಡ್ ತುಂಬಾ ದಿನ ಬಾಳುವುದಿಲ್ಲ. ಸುಣ್ಣದ ಅಂಶ ಇಳಿದ ಹಾಗೆ ಅನಿಲವಾಗಿ ಗಾಳಿಗೆ ಹೋಗುತ್ತದೆ. ಬಿಸಿಲು ಮತ್ತು ಬ್ಯಾಕ್ಟೀರಿಯಾ ಉಳಿದದ್ದನ್ನು ಒಡೆಯುತ್ತವೆ. ಕೋಲಾರದ ಬಿಸಿಲಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಿದ್ದ ಮೇಲ್ಮಣ್ಣಿನಲ್ಲಿ ಅದು ಉಳಿಯುವ ಸಾಧ್ಯತೆ ಕಡಿಮೆ. ಆದರೆ ಕಬ್ಬಿಣವನ್ನು ಹಿಡಿದುಕೊಂಡ ಸೈನೈಡ್ ಬೇರೆ ಜಾತಿ. ಒಂದು ಕಬ್ಬಿಣಕ್ಕೆ ಆರು ಸೈನೈಡ್ ಸುತ್ತುವರಿದ ಆ ಬಂಧ ಬಲು ಗಟ್ಟಿ, ನೆರಳಿನಲ್ಲಿ ಹಾಗೇ ಕೂತಿರುತ್ತದೆ. ಸಾಮಾನ್ಯವಾಗಿ ಇದರ ವಿಷ ಕಡಿಮೆ. ಹೊರಗೆ ತೆಗೆದು ಬಿಸಿಲಿಗೆ ಹರಡಿದರೆ ನಿಧಾನವಾಗಿ ಸೈನೈಡ್ ಬಿಡುತ್ತದೆ. ದಿಬ್ಬ ಅಗೆಯುವಾಗ ಒಳಗಿನ ಪದರಗಳನ್ನು ಪರೀಕ್ಷೆ ಮಾಡಬೇಕಾದ್ದು ಇದಕ್ಕಾಗಿ.

ಊರಿಗೆ ನಿಜವಾದ ಕಾಟ ಹೆಸರಿನಲ್ಲಿರುವ ಸೈನೈಡ್‌ಗಿಂತ ಧೂಳು. ಗಾಳಿ ಎದ್ದ ದಿನ ಬಟ್ಟೆ ಒಣಹಾಕಿದವರಿಗೆ, ಅಡುಗೆಮನೆ ಕಿಟಕಿ ತೆರೆದಿಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅರೆದ ಬೆಣಚುಕಲ್ಲಿನ ಚೂರಿನ ಮೇಲ್ಮೈಯಲ್ಲಿ ಮುರಿದ ಬಂಧಗಳ ತುದಿಗಳಿರುತ್ತವೆ. ಶ್ವಾಸಕೋಶದ ಆಳಕ್ಕೆ ಹೋದ ಸಣ್ಣ ಚೂರು ಅಲ್ಲಿನ ಜೀವಕೋಶಗಳನ್ನು ಕೆರಳಿಸಿ, ಗಾಯ ಮಾಡಿ, ಗಾಯದ ಕಲೆ ಬೆಳೆಸುತ್ತದೆ. ಅದೇ ಸಿಲಿಕೋಸಿಸ್. ಕೆಜಿಎಫ್ ಗಣಿ ಕಾರ್ಮಿಕರಲ್ಲಿ ಈ ಕಾಯಿಲೆ 1940ರ ದಶಕದಲ್ಲೇ ದಾಖಲಾಗಿದೆ. ಹೊಸದಾಗಿ ಮುರಿದ ಮೇಲ್ಮೈ ಹಳೆಯದಕ್ಕಿಂತ ಹೆಚ್ಚು ಕಾಟ ಕೊಡುತ್ತದೆ. ಅಂದರೆ ಪುಡಿಯನ್ನು ಮತ್ತೆ ಅರೆದರೆ, ಒಣಗಿದ ಮೇಲೆ ಹಾರುವ ಧೂಳು ಈಗಿನದಕ್ಕಿಂತ ನಯವೂ ಹೌದು, ಹೊಸದೂ ಹೌದು.

ಯಾರಿಗೆ ಏನು ಬೇಕು

ಕೇಂದ್ರಕ್ಕೆ ಸುಮ್ನೆ ಬಿದ್ದಿರುವ ಆಸ್ತಿಯಿಂದ ಹಣ ಬರಬೇಕು. ರಾಜ್ಯಕ್ಕೆ ರಾಜಧನ ಬೇಕು, ಹಳೆಯ ಬಾಕಿ ಬೇಕು, ಕೆಲಸ ಬಂತು ಅಂತ ಹೇಳಿಕೊಳ್ಳುವುದೂ ಬೇಕು. ಕಂಪನಿಗೆ ಚಿನ್ನದ ಬೆಲೆ ಏರಿರುವಾಗಲೇ ಮುಗಿಸುವ ಆತುರ ಇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ.

ಗಣಿ ಕುಟುಂಬಗಳ ನಿರೀಕ್ಷೆ ಬೇರೆ. ಅವರ ನೆನಪಿನ ಗಣಿ ಅಂದರೆ ಸಾವಿರಾರು ಜನರ ಶಿಫ್ಟು, ಸೈರನ್ನು, ಆಸ್ಪತ್ರೆ, ಕ್ವಾರ್ಟರ್ಸು. ದಿಬ್ಬದ ಕೆಲಸ ಹಾಗಿರುವುದಿಲ್ಲ. ನೀರು ಚಿಮ್ಮಿಸಿ ಅಥವಾ ಯಂತ್ರದಿಂದ ಪುಡಿ ಎತ್ತಿ, ಕೊಳವೆಯಲ್ಲಿ ಸಾಗಿಸಿ, ತೊಟ್ಟಿಗಳಲ್ಲಿ ಕದಡುವ ಕೆಲಸ ಅದು. ಯಂತ್ರ ಜಾಸ್ತಿ, ಜನ ಕಡಿಮೆ. ಅವಧಿಯೂ ಸಣ್ಣದು. ದಿನಕ್ಕೆ 10,000 ಟನ್ ಹಾಯಿಸುವ ಘಟಕ ಹಾಕಿದರೆ 3.3 ಕೋಟಿ ಟನ್ ಒಂಬತ್ತು ವರ್ಷದಲ್ಲಿ ಖಾಲಿ. ಹತ್ತನೇ ವರ್ಷ ಏನು ಅನ್ನುವುದಕ್ಕೆ ಈ ಯೋಜನೆಯಲ್ಲಿ ಉತ್ತರ ಹುಡುಕುವುದು ವ್ಯರ್ಥ.

ನೀರಿನ ಪ್ರಶ್ನೆ ಕೋಲಾರದಲ್ಲಿ ಎಲ್ಲಕ್ಕೂ ಮೊದಲು ಬರುತ್ತದೆ. ಇಂಥ ಘಟಕದಲ್ಲಿ ಒಂದು ಟನ್ ಪುಡಿಗೆ ಹೆಚ್ಚುಕಡಿಮೆ ಒಂದು ಟನ್ ನೀರು ಬೇಕು. ಬಹುಪಾಲು ಮರುಬಳಕೆ ಆಗುತ್ತದೆ. ಆದರೂ ಹೊರಗೆ ಹೋಗುವ ಒದ್ದೆ ಪುಡಿ ತನ್ನ ಪಾಲು ಎತ್ತಿಕೊಂಡೇ ಹೋಗುತ್ತದೆ. ಹಿಂದೆ ಕೆಜಿಎಫ್‌ಗೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬರುತ್ತಿತ್ತು. ಈಗ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರಿನ ಗ್ಯಾರಂಟಿ ಇಲ್ಲದ ಜಿಲ್ಲೆ ಇದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂಥ ನೀರನ್ನೇ ಬಳಸಬೇಕು, ಕುಡಿಯುವ ನೀರು ಮುಟ್ಟಬಾರದು ಅಂತ ಷರತ್ತು ಹಾಕುವುದು ಕಷ್ಟವೇನಲ್ಲ.

ಪರಿಸರದ ಕಡೆಯವರು 2000ದ ಜನವರಿಯ ರೊಮೇನಿಯಾ ದುರಂತವನ್ನು ನೆನಪಿಸುತ್ತಾರೆ. ಬಾಯಾ ಮಾರೆ ಅನ್ನುವ ಊರಿನಲ್ಲಿ ನಡೆಯುತ್ತಿದ್ದದ್ದು ಇದೇ ಕೆಲಸ, ಹಳೆಯ ದಿಬ್ಬದಿಂದ ಚಿನ್ನ ತೆಗೆಯುವುದು. ಕಟ್ಟೆ ಒಡೆದು ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಹರಿಯಿತು, ಹಂಗೇರಿಯವರೆಗೆ ಮೀನುಗಳು ಸತ್ತವು. ಅದನ್ನು ತೋರಿಸಿ ಸೈನೈಡ್ ಬೇಡವೇ ಬೇಡ ಅನ್ನುವುದು ನನಗೆ ಅತಿ ಅನ್ನಿಸುತ್ತದೆ. ನಮ್ಮ ರಾಜ್ಯದ್ದೇ ಹಟ್ಟಿ ಚಿನ್ನದ ಗಣಿಯಲ್ಲಿ ಅದು ದಿನನಿತ್ಯದ ಸಾಮಾನು. ಕೆಲಸ ಮುಗಿದ ನೀರಿಗೆ ಗಾಳಿ ಮತ್ತು ಸಲ್ಫರ್ ಡೈಆಕ್ಸೈಡ್ ಹಾಯಿಸಿ ಸೈನೈಡನ್ನು ಸೈನೇಟ್ ಮಾಡಬಹುದು. ಒಂದು ಆಮ್ಲಜನಕ ಸೇರಿದರೆ ಸಾಕು, ವಿಷ ಬಹಳ ಇಳಿಯುತ್ತದೆ. ಆದರೆ ರೊಮೇನಿಯಾದಲ್ಲಿ ಸೋತದ್ದು ರಸಾಯನಶಾಸ್ತ್ರ ಅಲ್ಲ, ಕಟ್ಟೆ. ಮಳೆ ಮತ್ತು ಕರಗಿದ ಹಿಮದ ನೀರು ಲೆಕ್ಕ ಮೀರಿ ತುಂಬಿತ್ತು.

ಚಿನ್ನ ತೆಗೆದ ಮೇಲೆ

ದಿಬ್ಬ ಹೋದರೆ ಧೂಳೂ ಹೋಗುತ್ತದೆ ಅಂತ ಆಸೆ ಇಟ್ಟುಕೊಂಡವರು ಇದ್ದಾರೆ. ಕಳೆಯುವ ಲೆಕ್ಕ ಮಾಡಿ ನೋಡಿ. 3.3 ಕೋಟಿ ಟನ್ನಿನಲ್ಲಿ 23 ಟನ್ ಚಿನ್ನ ತೆಗೆದರೆ ಉಳಿಯುವುದು 3.3 ಕೋಟಿ ಟನ್. ಪುಡಿ ಒಂದು ಬುಟ್ಟಿಯಷ್ಟೂ ಕಡಿಮೆಯಾಗಲಿಲ್ಲ, ಜಾಗ ಬದಲಾಯಿತು ಅಷ್ಟೇ.

ಹಾಗಂತ ಇದನ್ನು ಬರೀ ನಷ್ಟ ಅನ್ನಲಾಗದು. ಈಗಿನ ದಿಬ್ಬಗಳು ಅಡಿಯಲ್ಲಿ ಹಾಳೆ ಇಲ್ಲದೆ, ಮೇಲೆ ಮಣ್ಣಿನ ಹೊದಿಕೆ ಇಲ್ಲದೆ ನಿಂತಿವೆ. ಹೇಗೂ ಎತ್ತಿ ಇಡುವುದಾದರೆ, ಈ ಸಲ ಅಡಿಗೆ ನೀರು ಇಳಿಯದ ಹಾಳೆ ಹಾಸಿ, ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿ ಇಡಬಹುದು. ಸಿಮೆಂಟ್ ಬೆರೆಸಿ ಹಳೆಯ ಸುರಂಗಗಳಿಗೆ ತುಂಬುವುದು ಇನ್ನೊಂದು ದಾರಿ, ಆದರೆ ಅವುಗಳಲ್ಲಿ ನೀರು ನಿಂತಿದೆ. ಕೆಜಿಎಫ್ ಪುಡಿಯಿಂದ ಇಟ್ಟಿಗೆ ಮಾಡುವ ಪ್ರಯೋಗಗಳೂ ನಡೆದಿವೆ. ಜೇಡಿಮಣ್ಣಿನ ಜೊತೆ ಸುಟ್ಟಾಗ ಪುಡಿಯ ಕಣಗಳ ಅಂಚು ಕರಗಿ ಒಂದಕ್ಕೊಂದು ಬೆಸೆಯುತ್ತವೆ, ಆಮೇಲೆ ಅವು ಗಾಳಿಗೆ ಏಳುವುದಿಲ್ಲ. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರು ಇದೇ ಜಿಲ್ಲೆಯಲ್ಲಿದೆ. ಮೂರು ಕಿಲೋ ಇಟ್ಟಿಗೆಗೆ ಅರ್ಧ ಪಾಲು ದಿಬ್ಬದ ಪುಡಿ ಅಂತ ಇಟ್ಟುಕೊಂಡರೆ ಪೂರ್ತಿ ಖಾಲಿಯಾಗಲು 2,200 ಕೋಟಿ ಇಟ್ಟಿಗೆ ಬೇಕು. ಮಾಲೂರಿನ ಗೂಡುಗಳೆಲ್ಲ ಹಗಲು ರಾತ್ರಿ ಉರಿದರೂ ಅದರ ಒಂದು ಮೂಲೆ ಕರಗಬಹುದು.

ಉಳಿದದ್ದಕ್ಕೆ ಆ 1,003 ಎಕರೆಯಲ್ಲೇ ಎಲ್ಲೋ ಒಂದು ಕಡೆ ಜಾಗ ಗೊತ್ತು ಮಾಡಬೇಕು. ಟೆಂಡರ್ ಪತ್ರ ಹೊರಗೆ ಬಂದಾಗ ಗ್ರಾಂ ಲೆಕ್ಕದ ಪುಟ ಬಿಟ್ಟು ಮೊದಲು ಹುಡುಕಬೇಕಾದ ಸಾಲು ಅದು: ಹೊಸ ದಿಬ್ಬ ಯಾವ ಬಡಾವಣೆಯ ಪಕ್ಕ ಏಳುತ್ತದೆ, ಅಡಿಗೆ ಹಾಳೆ ಯಾರು ಹಾಸುತ್ತಾರೆ, ಕಂಪನಿ ಹೋದ ಮೇಲೆ ಅದರ ಮೇಲಿನ ಹುಲ್ಲಿಗೆ ನೀರು ಯಾರು ಹಾಕುತ್ತಾರೆ.